ಆತ್ಮನ ಫಲ ಬಾಯಿಪಾಠ ಆಗ್ಯದ, ಸೋಮವಾರ ಸಾಲಿಯೊಳಗ ಏನು ಮಾಡಬೇಕು?

ಪ್ರಶ್ನೆ: ಕೇಶ್ವಾಪುರ ಸಂಡೇ ಸ್ಕೂಲ್, ಹುಬ್ಬಳ್ಳಿ

ಕರ್ತನಲ್ಲಿ ಎಲ್ಲರಿಗೂ ವಂದನೆಗಳು.

ನಮ್ಮದು ಸಂಡೇ ಸ್ಕೂಲಿನ ದೊಡ್ಡ ವರ್ಗ. ಹನ್ನೊಂದು ಮಕ್ಕಳು, ಒಂಬತ್ತನೇ ಇಯತ್ತೆಯಿಂದ ಪಿಯು ಎರಡನೇ ವರ್ಷದ ತನಕ. ಆತ್ಮನ ಫಲದ ಗುಣ ಹೇಳೋ ಸತ್ಯವೇದದ ಗಲಾತ್ಯ 5:22-23 ಕೇಳಿದ ಕೂಡಲೇ ಒಂಬತ್ತೂ ಹೇಳತಾವ: ಪ್ರೀತಿ, ಸಂತೋಷ, ಸಮಾಧಾನ, ದೀರ್ಘಶಾಂತಿ, ದಯೆ, ಉಪಕಾರ, ನಂಬಿಕೆ, ಸಾಧುತ್ವ, ಶಮೆದಮೆ. "ಹಂಗಾದ್ರ ನಾಳೆ ಸಾಲಿಯೊಳಗ ಇದರಾಗ ಯಾವುದನ್ನ ಹೆಂಗ ಮಾಡ್ತೀರಿ?" ಅಂದ್ರ ಎಲ್ಲಾರೂ ಸುಮ್ಮನ ಕೂಡತಾರ.

ಹೆಸರು ಬರೀದೇ ಚೀಟಿಯೊಳಗ ಪ್ರಶ್ನೆ ಬರಿಯಾಕ ಹೇಳಿದ್ವಿ. ಬಂದದ್ದು ಇಷ್ಟು. ಪರೀಕ್ಷಾದಾಗ ಹಿಂದ ಕೂತ ಗೆಳೆಯ ಪೇಪರ್ ತೋರಿಸು ಅಂದ್ರ ಏನು ಮಾಡಬೇಕು? ಓಣ್ಯಾಗ ಪ್ರಸಾದ ಕೊಟ್ರ, ದಸರಾಕ್ಕ ಬನ್ನಿ ಕೊಟ್ರ? ವಾಟ್ಸಾಪ್ ಗುಂಪಿನ್ಯಾಗ ಹುಡುಗಿಯರ ಬಗ್ಗೆ ಹೊಲಸು ಮಾತು ನಡೆದ್ರ? ಮನ್ಯಾಗ ರೊಕ್ಕ ತಗೊಂಡದ್ದು ಯಾರಿಗೂ ಗೊತ್ತಿಲ್ಲ, ಹೇಳಬೇಕೋ ಬ್ಯಾಡೋ?

ಒಂಬತ್ತು ಕಾಲಂನ ಚಾರ್ಟ್ ಮಾಡಿ, ವಾರಕ್ಕೊಮ್ಮೆ ಸ್ಟಾರ್ ಹಚ್ಚೂಣು ಅಂತ ವಿಚಾರ ಅದ. ಇದು ನಡೀತದೇನ್ರಿ? ರವಿವಾರ ನಮಗ ಸಿಗೂದು 40 ನಿಮಿಷ. ಉಪದೇಶ ಮಕ್ಕಳು ಸಾಕಷ್ಟು ಕೇಳ್ಯಾರ, ಮಾಡೋ ಕ್ರಮ ತಿಳಿಸ್ರಿ.

ಉತ್ತರ 1: ಮಾಸ್ತರ, ಧಾರವಾಡ

ಚಾರ್ಟ್ ಬ್ಯಾಡ್ರಿ. ಮೊದಲನೇ ವಾರ ಮಕ್ಕಳು ಹುರುಪಿನಿಂದ ತುಂಬತಾರ. ಮೂರನೇ ವಾರಕ್ಕ ಪಕ್ಕದವನಿಗಿಂತ ನನಗ ಸ್ಟಾರ್ ಕಡಿಮಿ ಅಂತ ನೋಡಾಕ ಶುರು ಮಾಡತಾರ. ಆಮ್ಯಾಲ ಸಮಾಧಾನದ ಕಾಲಂನ್ಯಾಗ ಸುಳ್ಳು ಸ್ಟಾರ್ ಬೀಳತದ. ಗುಣ ಕಲಿಸಾಕ ತಂದ ಹಾಳಿಯೇ ಸುಳ್ಳು ಕಲಿಸತದ. ಕೊಟ್ಟದ್ದು, ಪ್ರಾರ್ಥಿಸಿದ್ದು, ಉಪವಾಸ ಮಾಡಿದ್ದು ಗುಪ್ತವಾಗಿರಲಿ ಅಂತ ಮತ್ತಾಯ 6ನೇ ಅಧ್ಯಾಯ ಹೇಳೂದನ್ನ ನಾವೇ ಗ್ವಾಡಿಗೆ ಹಚ್ಚಿದಂಗ ಆಗತದ.

ಇನ್ನೊಂದು ಮಾತು. ಆ ಗಲಾತ್ಯ ಪತ್ರಿಕೆ ಬರದ ಪೌಲನು ಅಲ್ಲಿ "ಫಲಗಳು" ಅಂದಿಲ್ಲ, "ಫಲ" ಅಂದಾನ. ಮೂಲ ಗ್ರೀಕಿನೊಳಗೂ ಏಕವಚನವೇ. ಒಂಬತ್ತು ಬ್ಯಾರೆ ಬ್ಯಾರೆ ವಿಷಯ ಪಾಸು ಮಾಡೂದಲ್ಲ ಅದು, ಒಂದೇ ಬದುಕಿನ ಒಂಬತ್ತು ಮುಖ. ಆದ್ದರಿಂದ ಗುಣದಿಂದ ಶುರು ಮಾಡಬ್ಯಾಡ್ರಿ, ಮಕ್ಕಳು ಸಿಕ್ಕಿಬೀಳೋ ಪ್ರಸಂಗದಿಂದ ಶುರು ಮಾಡ್ರಿ. ವಾರಕ್ಕ ಒಂದೇ ಪ್ರಸಂಗ. ಆ ಪ್ರಸಂಗದಾಗ ಆಡಬೇಕಾದ ಮಾತನ್ನ ಮಕ್ಕಳು ರವಿವಾರನೇ ಬಾಯಿಬಿಟ್ಟು ಹೇಳಿ ನೋಡಿರಬೇಕು. ಹದಿನೈದು ವರ್ಷದ ಹುಡುಗ ಜಾರೂದು ಬಹಳ ಸಲ ಕೆಟ್ಟ ಮನಸಿನಿಂದ ಅಲ್ಲ, ಆ ಹೊತ್ತಿಗೆ ಬಾಯಿಗೆ ಮಾತು ಬರದೇ ಜಾರತಾನ.

ದಾನಿಯೇಲನ 1ನೇ ಅಧ್ಯಾಯ ಈ ಕಣ್ಣಿನಿಂದ ಓದಿಸ್ರಿ. ಅಲ್ಲಿ ಕ್ರಮ ಅದ. ಒಂದು, ರಾಜನ ಊಟದ ತಟ್ಟಿ ಮುಂದ ಬರೂಕಿಂತ ಮೊದಲೇ ಅದನ್ನ ಉಣ್ಣಂಗಿಲ್ಲ ಅಂತ ದಾನಿಯೇಲ ಮನಸಿನೊಳಗ ನಿರ್ಧಾರ ಮಾಡಿದ್ದ. ಎರಡು, ಜಗಳ ತೆಗೀಲಿಲ್ಲ, ಅಪ್ಪಣೆ ಕೇಳಿದ. ಮೂರು, ದೊಡ್ಡ ಅಧಿಕಾರಿ "ರಾಜನ ಅಂಜಿಕಿ ಐತಿ" ಅಂದಾಗ ಅವನ ಕಷ್ಟ ತಿಳಕೊಂಡು, ಕೈಕೆಳಗಿನ ಮೇಲ್ವಿಚಾರಕನ ಕಡೆ ಹೋದ. ನಾಕು, ಬರೇ "ಒಲ್ಲೆ" ಅನ್ನಲಿಲ್ಲ, ಅದರ ಬದಲಿ ಒಂದು ಹಾದಿ ತೋರಿಸಿದ: ಹತ್ತು ದಿನ ಕಾಯಿಪಲ್ಯ, ನೀರು ಕೊಟ್ಟು ನೋಡ್ರಿ. ಈ ನಾಲ್ಕನೇದು ನಮ್ಮ ಮಕ್ಕಳಿಗೆ ಯಾರೂ ಕಲಿಸೂದಿಲ್ಲ.

ಇದನ್ನ ಪರೀಕ್ಷಾಕ್ಕ ಹಚ್ಚಿ ನೋಡ್ರಿ. ಹಾಲಿನೊಳಗ ಹಿಂದಿನಿಂದ ಬೆಂಚಿಗೆ ಕಾಲು ತಟ್ಟಿದಾಗ ಉತ್ತರ ಕೊಡೂದು ತಡ ಆತು. ಪರೀಕ್ಷಾ ಒಂದು ವಾರ ಇದ್ದಾಗಲೇ ಗೆಳೆಯಗ ಹೇಳಬೇಕು: "ಹಾಲ್‌ನ್ಯಾಗ ನಾ ತೋರಿಸಂಗಿಲ್ಲೋ, ಸಿಟ್ಟಾಗಬ್ಯಾಡ. ಆದರ ಬುಧವಾರ, ಗುರುವಾರ, ಶುಕ್ರವಾರ ಸಂಜಿಕೆ ಮುಕ್ಕಾಲು ತಾಸು ಕೂಡೂಣು ಬಾ. ನಿನಗ ಬರಲಾರದ ಎರಡು ಪಾಠ ಹೇಳಿಕೊಡತೀನಿ." ಎರಡೇ ಪಾಠ. ಇಡೀ ಪುಸ್ತಕ ಅಂದ್ರ ಒಂದೂ ಮುಗಿಯೂದಿಲ್ಲ, ಗೆಳೆಯ ಎರಡನೇ ದಿನ ಬರೂದಿಲ್ಲ. ಹಾಲಿನೊಳಗ ತಟ್ಟಿದ್ರ ತಿರುಗಬ್ಯಾಡ, ಮೇಲ್ವಿಚಾರಕರನ್ನ ಕೂಗಿ ಗೆಳೆಯನ ಮಾನ ಕಳೀಬ್ಯಾಡ, ಉತ್ತರ ಪತ್ರಿಕೆ ಎದಿ ಮುಂದ ನೇರ ಇಟಗೊಂಡು ಬರಿ. ಹೊರಗ ಬಂದ ಮ್ಯಾಲ ಮೊದಲು ಮಾತಾಡಸೂದು ಒಲ್ಲೆ ಅಂದವನ ಕೆಲಸ. ಅಲ್ಲಿ ಬಿಮ್ಮನೆ ಹೋಗಿಬಿಟ್ರ "ಇವರು ದೊಡ್ಡ ಭಕ್ತರು" ಅನ್ನೋ ಮಾತು ಹುಟ್ಟತದ, ಅದು ನ್ಯಾಯವಾದ ಮಾತೇ.

ಅಂಜಿಕಿಯ ಮಾತೂ ಹೇಳ್ರಿ. ಕಾಪಿ ಹೊಡಿಯೂದರ ಬುಡದಾಗ ಬಹಳ ಸಲ ಮನಿಯವರ ಅಂಜಿಕಿ ಇರತದ, ಫೇಲಾದ್ರ ವರ್ಷನೇ ಹೋತು ಅಂತ. 2024ರಿಂದ ಎಸ್ಸೆಸ್ಸೆಲ್ಸಿಗೂ ದ್ವಿತೀಯ ಪಿಯುಸಿಗೂ ಒಂದೇ ವರ್ಷದಾಗ ಒಂದಕ್ಕಿಂತ ಹೆಚ್ಚು ಅವಕಾಶ ಬಂದಾವ. ಇದನ್ನ ಮಕ್ಕಳಿಗಿಂತ ತಂದಿತಾಯಿಗೆ ಕೂಡಿಸಿ ಹೇಳೂದು ಚೊಲೊ.

ಕಾಪಿಗಿಂತ ಸಣ್ಣದಾಗಿ ಕಾಣೋ, ಯಾರೂ ತಪ್ಪು ಅಂತ ಅನ್ನದ್ದು ಇನ್ನೊಂದು ಐತಿ: ಪ್ರಾಕ್ಟಿಕಲ್ ರೆಕಾರ್ಡ್. ಪಿಯು ಫಿಸಿಕ್ಸ್ ಲ್ಯಾಬಿನ ಸರಳ ಲೋಲಕ (ದಾರಕ್ಕ ಕಟ್ಟಿ ತೂಗಾಡಸೋ ಗುಂಡು) ತಗೋರಿ. ಒಂದು ಮೀಟರ್ ಉದ್ದದ ಲೋಲಕ 20 ಆಂದೋಲನಕ್ಕ ಸುಮಾರು 40 ಸೆಕೆಂಡ್ ತಗೊಳ್ಳತದ. ಗುಂಡು ಬಿಟ್ಟ ಕೂಡಲೇ "ಒಂದು" ಅಂತ ಎಣಿಸಿದ್ರ ಇಪ್ಪತ್ತಕ್ಕ ಬಂದಾಗ ನಿಜವಾಗಿ ಆಗಿರೂದು 19. ವಾಚು 38 ಚಿಲ್ಲರೆ ತೋರಸತದ. ಲೆಕ್ಕ ಹಾಕಿದ್ರ ಗುರುತ್ವ ವೇಗೋತ್ಕರ್ಷ (ಸೆಂ.ಮೀ./ಸೆ² ಲೆಕ್ಕದಾಗ) 980ರ ಬದಲಿ 1080ರ ಮ್ಯಾಲ ಬರತದ. ಆಗ ಹುಡುಗೂರು ಏನು ಮಾಡತಾರ? ಉತ್ತರದಿಂದ ಹಿಂದಕ್ಕ ಲೆಕ್ಕ ಹಾಕಿ ರೀಡಿಂಗ್ ಹುಟ್ಟಸತಾರ. ರೆಕಾರ್ಡ್ ಚೆಂದ ಕಾಣತದ, ಸಹಿನೂ ಬೀಳತದ. ಪ್ರಾಮಾಣಿಕತೆ ಅಂದ್ರ ಇಲ್ಲಿ ಏನು ಅಂತ ಬಿಡಿಸಿ ಹೇಳ್ರಿ: ಬಂದದ್ದನ್ನೇ ಬರಿ, "ಸೊನ್ನೆ"ಯಿಂದ ಎಣಿಸಿ ಮತ್ತೊಮ್ಮೆ ಮಾಡು, ಎರಡೂ ರೀಡಿಂಗ್ ಇಡು, ತಪ್ಪಿನ ಕಾರಣ ಒಂದು ಸಾಲು ಬರಿ. ಯಾರೂ ನೋಡದ ಹಾಳಿಯ ಮ್ಯಾಲ ನಿಜ ಬರಿಯೋ ಕೈ ಮುಂದ ಆಸ್ಪತ್ರಿಯ ರಿಪೋರ್ಟಿನ ಮ್ಯಾಲೂ, ಸೇತುವೆಯ ಅಳತಿಯ ಮ್ಯಾಲೂ ನಿಜಾನೇ ಬರೀತದ. ಈ ಕಾರಣಕ್ಕ ನಾ ಇದನ್ನ ಕಾಪಿಗಿಂತ ದೊಡ್ಡದು ಅಂತ ತಿಳೀತೀನಿ.

ನಿಮ್ಮ 40 ನಿಮಿಷದಾಗ ಅರ್ಧದಷ್ಟಾದರೂ ನಾಟಕಕ್ಕ ಕೊಡ್ರಿ. ಒಬ್ಬ ಒತ್ತಾಯ ಮಾಡಬೇಕು, ಒಬ್ಬ ಉತ್ತರ ಕೊಡಬೇಕು, ಒತ್ತಾಯ ಮಾಡೋನು ಮೂರು ಸಲ ಬಿಡದೇ ಕೇಳಬೇಕು. ಒಂದೇ ಸಲ ಕೇಳಿ ಸುಮ್ಮನಾಗೋ ಗೆಳೆಯ ಯಾವ ಸಾಲಿಯೊಳಗೂ ಇರೂದಿಲ್ಲ.

ಉತ್ತರ 2: ಬೆಟಗೇರಿ ಅಕ್ಕೋರು

ಮಾಸ್ತರ ಮಾತಿಗೆ ಕೂಡಿಸಿ ಎರಡು ಶಬ್ದದ ಬಗ್ಗೆ ಹೇಳತೀನ್ರಿ. ಮಕ್ಕಳಿಗೆ ಅರ್ಥ ಆಗದೇ ಬಾಯಿಪಾಠ ಆಗಿರೋ ಶಬ್ದ ಅಂದ್ರ ಇವೇ.

ಸಾಧುತ್ವ. ಮಕ್ಕಳು ಇದನ್ನ "ಹೊಡೆದ್ರೂ ಸುಮ್ಮನ ಇರೂದು" ಅಂತ ತಿಳಕೊಂಡಾರ, ಗಂಡು ಹುಡುಗೂರಿಗಂತೂ ಈ ಗುಣ ಬ್ಯಾಡೇ ಬ್ಯಾಡ. ನಮ್ಮ ಕಡೆ "ಸಾಧು ಎತ್ತು" ಅಂತಾರಲ್ರಿ, ಅದನ್ನ ನೆನಪು ಮಾಡಿಕೊಡ್ರಿ. ಸಾಧು ಎತ್ತಿಗೆ ಶಕ್ತಿ ಕಡಿಮಿ ಅಂತ ಯಾವ ರೈತನೂ ಅನ್ನಂಗಿಲ್ಲ. ಹಾಯೂದಿಲ್ಲ, ಒದಿಯೂದಿಲ್ಲ, ಸಣ್ಣ ಹುಡುಗ ಹಗ್ಗ ಹಿಡಿದ್ರೂ ಬರತೈತಿ, ನೊಗಕ್ಕ ಹೆಗಲು ಕೊಟ್ರ ದಿನಪೂರ್ತಿ ಎಳಿತೈತಿ. ಸಾಧುತ್ವ ಅಂದ್ರ ಹಿಡಿತದಾಗ ಇರೋ ಬಲ. "ನನ್ನ ನೊಗ ಹೊತ್ತುಕೊಳ್ಳಿರಿ" ಅಂದ ಯೇಸು ಅದೇ ಮಾತಿನ್ಯಾಗ ತಾನು ಸಾತ್ವಿಕ, ದೀನಮನಸ್ಸಿನವ ಅಂತನೂ ಅಂದಾನ (ಮತ್ತಾಯ 11:29).

ಶಮೆದಮೆ. ಇದು ಎರಡು ಶಬ್ದ. ಶಮ ಅಂದ್ರ ಒಳಗಿನ ಮನಸು ತಣ್ಣಗಾಗೂದು, ದಮ ಅಂದ್ರ ಕಣ್ಣು, ಕೈ, ನಾಲಗಿ ಇವನ್ನ ಬಿಗಿ ಹಿಡಿಯೂದು. ಈ ನಾಡಿನ ಸಾಧಕರು ಎಷ್ಟೋ ಕಾಲದಿಂದ ಬಳಸಿದ ಶಬ್ದ, ಸತ್ಯವೇದ ಕನ್ನಡಕ್ಕ ತಂದವರು ಅದನ್ನೇ ಆರಿಸಿಕೊಂಡಾರ. ಮಕ್ಕಳಿಗೆ ಇದರಿಂದ ದೊಡ್ಡ ಉಪಯೋಗ ಐತಿ. ಸಿಟ್ಟು ಬಂದಾಗ ಶಮ ಕೂಡಲೇ ಸಿಗಂಗಿಲ್ಲ, ದಮ ಸಿಗತೈತಿ. ಒಳಗ ಕುದೀಲಿ, ಬಾಯಿ ಮುಚ್ಚಬಹುದು. ಬೆರಳು ಮೊಬೈಲ್ ಮ್ಯಾಲಿಂದ ತೆಗೀಬಹುದು. ಮೊದಲು ದಮ, ಆಮ್ಯಾಲ ಶಮ. "ಮನಸಿನ್ಯಾಗ ಸಿಟ್ಟು ಐತಿ ಅಂದಮ್ಯಾಲ ನಾನು ಕೆಟ್ಟ ಕ್ರಿಶ್ಚಿಯನ್" ಅಂತ ಕುಗ್ಗಿ ಹೋಗೋ ಮಕ್ಕಳಿಗೆ ಇದನ್ನ ಹೇಳಲೇಬೇಕು.

ಇನ್ನ ಪ್ರಸಾದ, ಬನ್ನಿ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ಧಾರವಾಡಕ್ಕ ಬಂದದ್ದು 1837, ಹುಬ್ಬಳ್ಳಿಗೆ 1839, ನಮ್ಮ ಬೆಟಗೇರಿಗೆ 1841. ಅಂದಿನಿಂದ ಈ ಪ್ರಶ್ನೆ ಪ್ರತಿ ಮನ್ಯಾಗೂ ಬಂದೈತಿ, ಹೊಸದಲ್ಲ. ಪೌಲ 1 ಕೊರಿಂಥ 10:25-29ರಾಗ ಕೊಟ್ಟ ದಾರಿ ಇಷ್ಟು: ಊಟಕ್ಕ ಕರೆದ್ರ ಹೋಗಬಹುದು, ಮುಂದ ಇಟ್ಟದ್ದನ್ನ ಕೆದಕಿ ಕೇಳದೇ ಉಣ್ಣಬಹುದು. "ಇದು ನೈವೇದ್ಯ ಮಾಡಿದ್ದು" ಅಂತ ಯಾರಾದರೂ ಹೇಳಿದ್ರ, ಆ ಹೇಳಿದವನ ಮನಸಾಕ್ಷಿಯ ಸಲುವಾಗಿ ತಿನ್ನಬ್ಯಾಡ.

ಹಂಗಾದ್ರ ಪಂಚಮಿ ಉಂಡಿ, ದೀಪಾವಳಿ ಫರಾಳ, ಸಂಕ್ರಾಂತಿ ಕುಸುರೆಳ್ಳು ಓಣಿಯವರು ಪ್ರೀತಿಯಿಂದ ಕೊಟ್ಟಾಗ ಮಕ್ಕಳು ಮುಖ ಸಿಂಡರಿಸೂದು ಪೌಲನ ಮಾತಲ್ಲ. ದೇವರ ಮುಂದ ಇಟ್ಟ ಪ್ರಸಾದ ಅಂತ ಹೇಳಿ ಕೊಟ್ರ ಮಾತು ಸಿದ್ಧ ಇರಲಿ: "ಅವ್ವಾರ, ತಪ್ಪು ತಿಳೀಬ್ಯಾಡ್ರಿ, ನೈವೇದ್ಯ ಮಾಡಿದ್ದು ನಾವು ತಿನ್ನಂಗಿಲ್ರಿ. ನಿಮ್ಮ ಮನ್ಯಾಗ ಚಾ ಕುಡೀತೀನಿ, ಅದನ್ನ ಕೊಡ್ರಿ." ಈ ಕಡೀ ವಾಕ್ಯ ಬಿಡಬಾರದು. ಒಂದನ್ನ ಒಲ್ಲೆ ಅಂದಾಗ ಅದೇ ಮನಿಯ ಇನ್ನೊಂದನ್ನ ಬೇಡಿ ತಗೊಂಡ್ರ, ಒಲ್ಲೆ ಅಂದದ್ದು ಮನಿಯನ್ನಲ್ಲ ಅಂತ ಅವರಿಗೆ ಗೊತ್ತಾಗತೈತಿ. ತಗೊಂಡು ಹೋಗಿ ಮೂಲ್ಯಾಗ ಒಗಿಯೂದು ಮಾತ್ರ ಬ್ಯಾಡ. ಅದು ಸುಳ್ಳೂ ಆತು, ಅನ್ನಕ್ಕ ಅವಮಾನನೂ ಆತು.

ಬನ್ನಿ ವಿಷಯದಾಗ ನಮ್ಮ ಸಭೆಗಳೊಳಗೂ ಮನಿಗಳೊಳಗೂ ಒಂದೇ ಅಭಿಪ್ರಾಯ ಇಲ್ಲ. ಹಿರಿಯರು "ಬಂಗಾರದಂಗ ಇರೂಣು" ಅಂತ ಕೈಯಾಗ ಎಲಿ ಇಟ್ರ ಅದು ಹಾರೈಕಿ, ಎರಡೂ ಕೈಯಿಂದ ತಗೊಂಡು ನಮಸ್ಕಾರ ಮಾಡಿದ್ರ ತಪ್ಪಿಲ್ಲ ಅಂತ ನನ್ನ ತಿಳುವಳಿಕಿ. ಪೂಜಿಗೆ ಕೂಡೂದು ಬ್ಯಾರೆ ವಿಷಯ. ಮಗುವಿನ ಮನ್ಯಾಗ ಬ್ಯಾಡ ಅಂತಾರ ಅಂದ್ರ ಮನಿಯವರ ಮಾತು ಕೇಳಲಿ, ತಗೊಳ್ಳೋ ಮಗುವನ್ನ ಇನ್ನೊಂದು ಮಗು ಹಳಿಯೂದು ಬ್ಯಾಡ. ರೋಮ 14ನೇ ಅಧ್ಯಾಯ ಪೂರ್ತಿ ಈ ಜಗಳದ ಮ್ಯಾಲೇ ಐತಿ.

ಮತ್ತ ಕ್ರಿಸ್ಮಸ್‌ಗೆ ನಿಮ್ಮ ಮಕ್ಕಳ ಕೈಲೇ ಕರ್ಚಿಕಾಯಿ, ಚಕ್ಕುಲಿ ಓಣಿಗೆ ಕಳಸ್ರಿ. ನೆರೆಮನಿಯಿಂದ ಬಂದ ಡಬ್ಬಿ ಖಾಲಿ ತಿರುಗಿ ಕಳಸಬಾರದು ಅನ್ನೋದು ಈ ಕಡೆಯ ರೀತಿ. ಅದನ್ನ ಪಾಲಿಸೂದೂ ದಯೆ, ಉಪಕಾರದ ಒಳಗೇ ಬರತೈತಿ.

ಒಂದು ವಾರದಾಗ ಮಕ್ಕಳು ಬದಲಾಗಬೇಕು ಅಂತ ಅವಸರ ಮಾಡಬ್ಯಾಡ್ರಿ. ಕಿಟೆಲ್ ಅವರು ಈ ನಾಡಿಗೆ ಬಂದದ್ದು 1853, ಅವರ ಕನ್ನಡ ನಿಘಂಟು ಅಚ್ಚಾಗಿ ಹೊರಗ ಬಂದದ್ದು 1894. ದೀರ್ಘಶಾಂತಿ ಅಂದ್ರ ಏನು ಅಂತ ಕೇಳಿದ್ರ ಈ ಎರಡು ಇಸ್ವಿ ಬೋರ್ಡಿನ ಮ್ಯಾಲ ಬರದು, ಕಳೀರಿ ಅಂತ ಮಕ್ಕಳಿಗೆ ಹೇಳ್ರಿ.

ಉತ್ತರ 3: ಮಕ್ಕಳ ಆಪ್ತಸಮಾಲೋಚಕಿ, ಹಾವೇರಿ

ವಾಟ್ಸಾಪ್ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಇದರಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ, ಮಕ್ಕಳಿಗೆ ಬಿಡಿಸಿ ಹೇಳಬೇಕು.

ಮೊದಲನೆಯದು ಹೊಲಸು ಮಾತು. ಗುಂಪಿನಲ್ಲಿ ಯಾರೋ ಒಬ್ಬ ಹುಡುಗಿಯ ಬಗ್ಗೆ ಕೀಳಾಗಿ ಬರೆದರು, ಹತ್ತು ಜನ ನಗುವ ಚಿತ್ರ ಹಾಕಿದರು. ನಗುವ ಚಿತ್ರವೂ ಒಂದು ಮಾತೇ ಎಂಬುದು ಮಕ್ಕಳಿಗೆ ಹೊಳೆದಿರುವುದಿಲ್ಲ. ಅದನ್ನು ಹಾಕದಿರುವುದು ಮೊದಲ ಹೆಜ್ಜೆ. ಎರಡನೆಯ ಹೆಜ್ಜೆ, ಗುಂಪಿನಲ್ಲಿ ಉಪದೇಶ ಮಾಡದೆ ಬರೆದವನಿಗೆ ಒಬ್ಬನಿಗೇ ಸಂದೇಶ ಕಳಿಸುವುದು: "ಲೇ, ಆಕಿ ಬಗ್ಗೆ ಹಾಕಿದ್ದು ಸರಿ ಅನಿಸಲಿಲ್ಲ, ತೆಗಿ." ಒಂದೇ ಸಾಲು. ಮತ್ತಾಯ 18:15 ಹೇಳುವುದೂ ಇದನ್ನೇ, ಮೊದಲು ಅವನೂ ನೀನೂ ಇಬ್ಬರೇ. ಎಲ್ಲರ ಮುಂದೆ ಹೇಳಿದರೆ ಅವನು ಮಾನ ಉಳಿಸಿಕೊಳ್ಳಲು ಇನ್ನೂ ನಾಲ್ಕು ಮಾತು ಹೆಚ್ಚು ಬರೆಯುತ್ತಾನೆ. ಕೇಳದಿದ್ದರೆ ಗುಂಪಿನಿಂದ ಹೊರಗೆ ಬರಬೇಕು. "ಬಿಟ್ಟರೆ ಎಲ್ಲರಿಗೂ ಗೊತ್ತಾಗುತ್ತದೆ" ಎಂದು ಮಕ್ಕಳು ಹೆದರುತ್ತಾರೆ. ಈಗ ಗುಂಪು ಬಿಟ್ಟಾಗ ಸೂಚನೆ ಹೋಗುವುದು ಅಡ್ಮಿನ್‌ಗಳಿಗೆ ಮಾತ್ರ. ತರಗತಿಯ ಟಿಪ್ಪಣಿಗಳು ಬರುವ ಗುಂಪಾಗಿದ್ದು ಬಿಡಲಾಗದಿದ್ದರೆ ಮ್ಯೂಟ್ ಮಾಡಲಿ, ಸೆಟ್ಟಿಂಗ್ಸ್‌ನಲ್ಲಿ ಫೋಟೊ, ವಿಡಿಯೊ ತಾನಾಗಿಯೇ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಲಿ. ಬೇಡದ ಚಿತ್ರ ಗ್ಯಾಲರಿಗೆ ಬಂದು ಕೂರುವುದು ಈ ಒಂದು ಗುಂಡಿಯಿಂದ.

ರಾತ್ರಿ ಹತ್ತರ ನಂತರ ಮೊಬೈಲ್ ಅಡುಗೆಮನೆಯಲ್ಲೋ ಪಡಸಾಲೆಯಲ್ಲೋ ಚಾರ್ಜಿಗೆ ಇರಲಿ, ತಂದೆತಾಯಿಯ ಮೊಬೈಲೂ ಅಲ್ಲೇ ಇರಲಿ. ಮಕ್ಕಳದ್ದು ಮಾತ್ರ ಹೊರಗಿಟ್ಟರೆ ಅದು ಶಿಕ್ಷೆಯಾಗುತ್ತದೆ, ಎರಡು ವಾರಕ್ಕೆ ಮುರಿಯುತ್ತದೆ. ಅಲಾರಂಗೆ ಮೊಬೈಲ್ ಬೇಕು ಎಂಬ ನೆಪಕ್ಕೆ ಒಂದು ಸಣ್ಣ ಟೇಬಲ್ ಗಡಿಯಾರ ಸಾಕು. ಆದಿಕಾಂಡ 39ರಲ್ಲಿ ಒಡೆಯನ ಹೆಂಡತಿ ಕೆಟ್ಟದ್ದಕ್ಕೆ ಕರೆದು ಹಿಡಿದಾಗ ಯೋಸೇಫನು ನಿಂತು ವಾದ ಮಾಡುತ್ತಾ ಕೂರಲಿಲ್ಲ, ಬಟ್ಟೆ ಬಿಟ್ಟು ಹೊರಗೆ ಓಡಿದ. ಮೊಬೈಲ್ ಕೋಣೆಯ ಹೊರಗಿಡುವುದು ಆ ಓಟಕ್ಕೆ ಸಮ.

ಎರಡನೆಯ ಸಂಗತಿ ಹೆಚ್ಚು ಗಂಭೀರ. ಹದಿನೆಂಟು ತುಂಬದ ಯಾರದ್ದೇ ಆಗಲಿ, ಅಶ್ಲೀಲ ಚಿತ್ರ ಅಥವಾ ಅಶ್ಲೀಲವಾಗಿ ತಿರುಚಿದ ಚಿತ್ರ ಗುಂಪಿಗೆ ಬಂದರೆ ಅದು ಅಪರಾಧ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಂ ಕೆಳಗೆ ಬರುತ್ತದೆ. "ಸಾಕ್ಷಿ ತೋರಿಸೋಣ" ಎಂದು ಇನ್ನೊಬ್ಬರಿಗೆ ಫಾರ್ವರ್ಡ್ ಮಾಡುವುದೂ ಹಂಚಿದಂತೆಯೇ. ಯಾರಿಗೂ ಕಳಿಸದೆ, ಮೊಬೈಲನ್ನೇ ಒಯ್ದು ನಂಬಿಕೆಯ ದೊಡ್ಡವರೊಬ್ಬರ ಮುಂದೆ ಇಡಬೇಕು. ಮಕ್ಕಳ ಸಹಾಯವಾಣಿ 1098 ಹಗಲೂ ರಾತ್ರಿಯೂ ಇರುತ್ತದೆ, ಮಕ್ಕಳೇ ನೇರವಾಗಿ ಕರೆ ಮಾಡಬಹುದು.

ಇಲ್ಲಿ ಸಂಡೇ ಸ್ಕೂಲ್ ನಡೆಸುವವರಿಗೆ ಕೈಮುಗಿದು ಒಂದು ಮಾತು. ಮತ್ತಾಯ 18ರ "ಮೊದಲು ಇಬ್ಬರೇ ಮಾತಾಡಿರಿ" ಎಂಬುದನ್ನು ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ ದೊಡ್ಡವರ ವಿಷಯಕ್ಕೆ ಅನ್ವಯಿಸಬೇಡಿ. ಮಗುವನ್ನು ಆ ಮನುಷ್ಯನ ಎದುರು ಕೂರಿಸಿ "ಕ್ಷಮಿಸಿಬಿಡು" ಎನ್ನಬೇಡಿ. ಅದೇ ಅಧ್ಯಾಯದ 6ನೇ ವಚನದಲ್ಲಿ, ಈ ಚಿಕ್ಕವರಲ್ಲಿ ಒಬ್ಬನಿಗೆ ಅಡ್ಡಿಯಾದವನ ಕೊರಳಿಗೆ ಬೀಸುವ ಕಲ್ಲಿನ ಮಾತಿದೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಯುವ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಇಂಥದ್ದು ತಿಳಿದ ಯಾರೇ ಆದರೂ ಪೊಲೀಸರಿಗೆ ವರದಿ ಮಾಡಲೇಬೇಕು. ಅದರಲ್ಲಿ ಸಭೆಯ ಹಿರಿಯರೂ ಬಂದರು, ಸಂಡೇ ಸ್ಕೂಲ್ ಶಿಕ್ಷಕರೂ ಬಂದರು. ಕ್ಷಮೆ ಮಗುವಿನ ಮನಸ್ಸಿನಲ್ಲಿ, ಅದರ ಕಾಲಕ್ಕೆ ಆಗುವ ಕೆಲಸ. ವರದಿ ಮಾಡುವುದು ದೊಡ್ಡವರ ಕೆಲಸ, ಅಂದೇ ಆಗಬೇಕು.

ಇನ್ನೊಂದು ಸಣ್ಣ ವಿಷಯ, ಆದರೆ ಗುಂಪು ಒಡೆಯುವುದು ಇದರಿಂದಲೇ. "ಅವಳಿಗಾಗಿ ಪ್ರಾರ್ಥನೆ ಮಾಡ್ರಿ, ಯಾರೋ ಹುಡುಗನ ಜೊತೆ ಓಡಾಡ್ತಾಳಂತೆ" ಎಂಬುದು ಪ್ರಾರ್ಥನೆಯ ವಿನಂತಿಯಲ್ಲ, ಚಾಡಿ. ಯಾರ ವಿಷಯವೋ ಅವರ ಒಪ್ಪಿಗೆ ಇಲ್ಲದೆ ಹೆಸರು ಹೇಳಬಾರದು ಎಂದು ಮೊದಲ ದಿನವೇ ನಿಯಮ ಮಾಡಿ.

ಕೇಶ್ವಾಪುರ ಸಂಡೇ ಸ್ಕೂಲ್

ಎಲ್ಲರಿಗೂ ಧನ್ಯವಾದ್ರಿ. ಚಾರ್ಟ್ ಕೈಬಿಟ್ವಿ. 1098 ನಂಬರ್ ಬೋರ್ಡಿನ ಮ್ಯಾಲ ಬರಸ್ತೀವಿ.

ರೊಕ್ಕದ ಚೀಟಿಗೆ ಇನ್ನೂ ಉತ್ತರ ಬೇಕು. ದೇವರಿಗೆ ಹೇಳಿಕೊಂಡ್ರ ಸಾಕೋ, ಮನಿಯವರಿಗೂ ಹೇಳಬೇಕೋ? ಮತ್ತ ಮಾತು ಕೊಟ್ಟ ಮಗು ಎರಡನೇ ಸಲ, ಮೂರನೇ ಸಲ ತಪ್ಪಿದ್ರ ಏನು ಮಾಡೂದು?

ಉತ್ತರ 4: ಯೌವನಸ್ಥರ ಸಂಘ, ಗದಗ

ದೇವರಿಗೂ ಹೇಳಬೇಕು, ರೊಕ್ಕ ಯಾರದೋ ಅವರಿಗೂ ಹೇಳಬೇಕು. ಯಾಜಕಕಾಂಡ 6:5ರ ಲೆಕ್ಕ ಸ್ಪಷ್ಟ ಅದ: ತಗೊಂಡದ್ದು ಪೂರ್ತಿ, ಅದರ ಮ್ಯಾಲ ಐದನೇ ಒಂದು ಪಾಲು, ಒಡೆಯನ ಕೈಗೇ. ಅಪ್ಪನ ಅಂಗಿ ಕಿಸೆಯಿಂದ 200 ರೂಪಾಯಿ ತಗೊಂಡಿದ್ರ ಕೊಡಬೇಕಾದ್ದು 240. ಸುಂಕದವ ಜಕ್ಕಾಯ ಅನ್ಯಾಯದಿಂದ ತಗೊಂಡದ್ದಕ್ಕ ನಾಕು ಪಟ್ಟು ಕೊಡತೀನಿ ಅಂದ (ಲೂಕ 19:8), ಅದು ಅವನ ತುಂಬಿದ ಹೃದಯದ ಮಾತು. ಮಕ್ಕಳಿಗೆ ಐದನೇ ಒಂದು ಸಾಕು.

240 ಎಲ್ಲಿಂದ ತರೂದು? ಅವ್ವನ ಕಡೆ ಇಸಗೊಂಡು ಅಪ್ಪಗ ಕೊಟ್ರ ಅದು ಮನಿಯ ರೊಕ್ಕ ಮನಿಯೊಳಗೇ ತಿರುಗಿದಂಗ. ವಾರಕ್ಕ 30 ರೂಪಾಯಿ ಕೈಖರ್ಚು ಸಿಗತಿದ್ರ ಎಂಟು ವಾರ ಅದನ್ನ ಬಿಡಬೇಕು. ಗಿರಮಿಟ್ ಇಲ್ಲ, ಮಿರ್ಚಿ ಇಲ್ಲ. ಮೊದಲನೇ 30 ಹೇಳೋ ದಿನಾನೇ ಕೈಯಾಗ ಇರಬೇಕು. ಬರಿಗೈಲೆ ಹೋಗಿ "ಮುಂದ ಕೊಡತೀನಿ" ಅಂದ್ರ ಆ ಮುಂದ ಅನ್ನೂದು ಬರೂದಿಲ್ಲ. ಎಫೆಸ 4:28ರೊಳಗೂ ಮೂರು ಮೆಟ್ಟಲು ಅದಾವ: ಕಳವು ಬಿಡು, ಕೈಯಿಂದ ದುಡಿ, ಕೊರತಿ ಇದ್ದವರಿಗೆ ಕೊಡು. ಮೊದಲನೇ ಮೆಟ್ಟಲಕ್ಕ ನಿಂತವನು ಬಹಳ ಸಲ ಕೆಳಗೇ ಇಳೀತಾನ.

ಹೇಳೋ ಮಾತು ಹಿಂಗಿರಲಿ: "ಅಪ್ಪಾ, ಹೋದ ತಿಂಗಳ ನಿಮ್ಮ ಕಿಸೆಯಿಂದ ಕೇಳದೇ 200 ರೂಪಾಯಿ ತಗೊಂಡೆ. ತಪ್ಪು ನಂದು. ಇದು ಮೊದಲನೇ 30, ಎಂಟು ವಾರದಾಗ ತೀರಸ್ತೀನಿ." ಇದರಾಗ "ಆದರ" ಅನ್ನೋ ಶಬ್ದ ಬರಬಾರದು. "ಆದರ ಎಲ್ಲಾರೂ ಟ್ರಿಪ್‌ಗೆ ಹೊಂಟಿದ್ರು" ಅಂದ್ರ ತಪ್ಪೊಪ್ಪಿಗಿ ಹೋಗಿ ವಾದ ಆತು. ಅಪ್ಪ ಬೈದ್ರ ಬೈಸಿಕೋಬೇಕು, ಕೂಡಲೇ ಮಾಫಿ ಬೇಡಬಾರದು. ನಂಬಿಕೆ ತಿರುಗಿ ಬರಾಕ ಎಂಟು ವಾರಕ್ಕಿಂತ ಹೆಚ್ಚು ಹಿಡಿದ್ರೂ ಹಿಡೀಬಹುದು ಅಂತ ಮೊದಲೇ ಮಗುವಿಗೆ ಹೇಳಿಡ್ರಿ. ಮನ್ಯಾಗ ಕುಡಿತ, ಹೊಡತ ಇದ್ರ ಮಗುವನ್ನ ಒಂಟಿ ಕಳಸಬ್ಯಾಡ್ರಿ. ಸಭಾಪಾಲಕರೋ, ಅಜ್ಜಿಯೋ, ಯಾರಾದರೂ ಜೋಡಿ ಇರಲಿ. ಇದನ್ನ ವರ್ಗದಾಗ ಎಲ್ಲರ ಮುಂದ ಹೇಳಸೂದಂತೂ ಬ್ಯಾಡೇ ಬ್ಯಾಡ. ಆ ಚೀಟಿ ಯಾರದು ಅಂತ ಹುಡುಕಾಕೂ ಹೋಗಬ್ಯಾಡ್ರಿ, ಕ್ರಮ ಎಲ್ಲರಿಗೂ ಹೇಳ್ರಿ, ಬೇಕಾದ ಮಗು ತಾನಾಗಿ ಬರತದ.

ಯಾರೂ ಕೇಳದ ಒಂದು ವಿಷಯ ಕೂಡಸ್ತೀನಿ. ರವಿವಾರ ಮುಂಜಾನೆ ಚರ್ಚಿನ ಅಂಗಳದಾಗ ಹದಿನೈದು, ಹದಿನಾರರ ಮಕ್ಕಳು ಗೇರಿಲ್ಲದ ದೊಡ್ಡ ಸ್ಕೂಟರ್ ಹೊಡಕೊಂಡು ಬಂದಿರತಾರ. 16 ತುಂಬಿದವರಿಗೆ ಲೈಸೆನ್ಸ್ ಸಿಗೂದು 50 ಸಿಸಿ ಒಳಗಿನ ಗೇರಿಲ್ಲದ ಗಾಡಿಗೆ ಅಷ್ಟೇ. ಈ ಸ್ಕೂಟರ್ ಅದಕ್ಕಿಂತ ದುಪ್ಪಟ್ಟು. ಮೋಟಾರು ವಾಹನ ಕಾಯ್ದೆಯ 199ಎ ಪ್ರಕಾರ ಸಿಕ್ಕರ ಪಾಲಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದ ತನಕ ಜೈಲು, ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು, ಮಗುವಿಗೆ 25 ತುಂಬೂ ತನಕ ಲೈಸೆನ್ಸ್ ಇಲ್ಲ. ಒಳಗ ಅಧಿಕಾರಿಗಳಿಗೆ ಅಧೀನರಾಗಿರ್ರಿ ಅನ್ನೋ ರೋಮ 13 ಓದಿ ಹೊರಗ ಈ ಗಾಡಿ ಹತ್ತೂದನ್ನ ಮಕ್ಕಳು ನೋಡತಾರ. ನಿಮ್ಮಲ್ಲಿ ಚಿಗರಿ ಬಸ್ ಅದ, ಸೈಕಲ್ ಅದ, ದೂರ ಇದ್ರ ದೊಡ್ಡವರು ಬಿಟ್ಟು ಹೋಗಲಿ. ಈ ಮಾತನ್ನ ಮಕ್ಕಳ ವರ್ಗದಾಗ ಅಲ್ಲ, ಆರಾಧನೆ ಮುಗದಮ್ಯಾಲ ಪಾಲಕರಿಗೆ ಹೇಳಬೇಕು.

ಉತ್ತರ 5: ಮಾಸ್ತರ, ಧಾರವಾಡ

ಮತ್ತ ಮತ್ತ ತಪ್ಪೋ ಮಗುವಿನ ಬಗ್ಗೆ.

"ಯಾಕ ಮಾಡಿದಿ?" ಅಂತ ಕೇಳಬ್ಯಾಡ್ರಿ. ಹದಿನೈದರ ಮಗುವಿಗೆ ಅದರ ಉತ್ತರ ಗೊತ್ತಿರೂದಿಲ್ಲ, ನೀವು ಮೆಚ್ಚೋ ಉತ್ತರ ಹುಡುಕಿ ಹೇಳತದ. ಮೂರು ಬ್ಯಾರೆ ಪ್ರಶ್ನೆ ಕೇಳ್ರಿ: ಎಷ್ಟು ಹೊತ್ತಿಗೆ? ಎಲ್ಲಿ? ಜೋಡಿ ಯಾರಿದ್ರು? ನಾಕು ಸಲ ಕೇಳಿದ್ರ ಒಂದೇ ಉತ್ತರ ತಿರುಗಿ ತಿರುಗಿ ಬರತದ, ಟ್ಯೂಷನ್ ಬಿಟ್ಟಮ್ಯಾಲ ಬಸ್ ಸ್ಟಾಪಿನ್ಯಾಗ ಕಾಯೋ ಇಪ್ಪತ್ತು ನಿಮಿಷ, ಅದೇ ಮೂರು ಮಂದಿ. ಆಗ ಪ್ರತಿಜ್ಞೆ ಮಾಡಸಬ್ಯಾಡ್ರಿ, ಇಪ್ಪತ್ತು ನಿಮಿಷ ಬದಲಿ ಮಾಡ್ರಿ. ಮುಂದಿನ ಸ್ಟಾಪ್ ತನಕ ನಡಕೊಂಡು ಹೋಗಲಿ, ಇಲ್ಲಾ ವರ್ಗದ ಇನ್ನೊಂದು ಮಗು ಜೋಡಿ ಇರಲಿ.

ಪೇತ್ರ ಮೂರು ಸಲ ಯೇಸುವನ್ನ ಅರಿಯೆ ಅಂದ, ಬೆಂಕಿ ಕಾಯಿಸಿಕೊಳ್ಳೋ ಜಾಗದಾಗ. ಯೋಹಾನ 21ರೊಳಗ ಯೇಸು ಮತ್ತ ಕೆಂಡದ ಬೆಂಕಿಯ ಹತ್ತರಾನೇ ಅವನನ್ನ ಕೂಡಿಸಿ, ಊಟ ಕೊಟ್ಟು, "ನನ್ನನ್ನ ಪ್ರೀತಿಸ್ತೀಯೇನು?" ಅಂತ ಮೂರು ಸಲ ಕೇಳಿದ. ಲೆಕ್ಕ ಒಪ್ಪಿಸು ಅನ್ನಲಿಲ್ಲ, ಕುರಿ ಮೇಯಿಸೋ ಕೆಲಸ ಕೊಟ್ಟ. ಪೇತ್ರನ ಪತ್ರಿಕೆ ಓದೋ ಮಕ್ಕಳಿಗೆ ಇದು ಗೊತ್ತಿರಬೇಕು.

ಹಂಗಾಗಿ ನಾಟಕದಾಗ ಮೂರನೇ ಒತ್ತಾಯಕ್ಕ ಸೋತು ಪೇಪರ್ ತೋರಿಸಿಬಿಡೋ ಮಗುವನ್ನ ಕೂಡಿಸಿ ಇನ್ನೊಂದು ಮಗುವನ್ನ ಎಬ್ಬಿಸಬ್ಯಾಡ್ರಿ. ಅಲ್ಲೇ ನಿಲ್ಲಿಸಿ ಅದೇ ಪಾತ್ರ ಕೊಡ್ರಿ, ಈ ಸಲ "ಬುಧವಾರ ಸಂಜಿಕೆ ಬಾ" ಅನ್ನೋ ವಾಕ್ಯದಿಂದ ಶುರು ಮಾಡಸ್ರಿ. ಒತ್ತಾಯ ಮಾಡೋ ಪಾತ್ರ ನೀವೇ ಮಾಡ್ರಿ.